ಬರೆಯದೆ ಉಳಿದ ಸಾರು

ಕಳೆದ ತಿಂಗಳು ಹಾಸ್ಟೆಲ್ ಕೋಣೆ ಖಾಲಿ ಮಾಡಬೇಕಾಯಿತು. ಫೆಲೋಶಿಪ್ಪಿನ ಐದು ವರ್ಷ ಮುಗಿದಿತ್ತು, ಮಹಾಪ್ರಬಂಧ ಮುಗಿದಿರಲಿಲ್ಲ. ಮೈಸೂರಿನಲ್ಲೇ ಒಂದು ಮನೆಯ ಮಹಡಿಯ ಮೇಲೆ ಒಂಟಿ ಕೋಣೆ ಬಾಡಿಗೆಗೆ ಸಿಕ್ಕಿತು. ಅಲ್ಲಿರುವುದು ಗೋಡೆಗೆ ಕೂರಿಸಿದ ಕಡಪಾ ಕಲ್ಲಿನ ಒಂದೇ ಶೆಲ್ಫು. ಬಟ್ಟೆ, ಪಾತ್ರೆ, ಪುಸ್ತಕ ಎಲ್ಲವೂ ಅದರಲ್ಲೇ. ನನ್ನ ಹತ್ತಿರ ಇದ್ದದ್ದು, ಬೇರೆಲ್ಲ ಪುಸ್ತಕ ಬಿಟ್ಟು, ಬರೀ ಅಡುಗೆ ಪುಸ್ತಕಗಳೇ 143.

ಇಷ್ಟು ಪುಸ್ತಕ ಇಟ್ಟುಕೊಂಡವಳು ಬಹಳ ಚೆನ್ನಾಗಿ ಅಡುಗೆ ಮಾಡುತ್ತಾಳೆ ಎಂದು ಯಾರೂ ತಿಳಿಯಬೇಕಿಲ್ಲ. ಹೆಣ್ಣುಮಕ್ಕಳಿಗಾಗಿ ಕನ್ನಡದಲ್ಲಿ ಬಂದ ಗೃಹೋಪಯೋಗಿ ಪುಸ್ತಕಗಳು ನನ್ನ ಸಂಶೋಧನೆಯ ವಿಷಯ. ಅದರಲ್ಲಿ ಅಡುಗೆ ಪುಸ್ತಕಗಳಿಗೆ ಒಂದು ಅಧ್ಯಾಯ. ಒಂದು ಅಧ್ಯಾಯಕ್ಕೆ ಹತ್ತು ಹನ್ನೆರಡು ಪುಸ್ತಕ ಸಾಕಿತ್ತು. ಆದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳಲ್ಲಿ ಎಣ್ಣೆ ಜಿಡ್ಡು ಹತ್ತಿದ ರಟ್ಟು ಕಂಡರೆ ಕೈ ತಾನಾಗಿ ಹೋಗುತ್ತಿತ್ತು. ಸ್ನೇಹಿತರು ತಮ್ಮ ಮನೆಯ ಅಟ್ಟದಿಂದ ತಂದು ಕೊಟ್ಟರು. ವಾರಪತ್ರಿಕೆಗಳ ವಿಶೇಷ ಪುರವಣಿಗಳು, ಕುಕ್ಕರ್ ಜೊತೆ ಬಂದ ಕೈಪಿಡಿಗಳು, ಮಹಿಳಾ ಸಮಾಜಗಳ ಸ್ಮರಣ ಸಂಚಿಕೆಗಳು, ‘ನೂರೊಂದು ತಿಂಡಿಗಳು’ ಮಾದರಿಯ ತೆಳು ಹೊತ್ತಗೆಗಳು ಎಲ್ಲ ಸೇರಿ ಮಂಚದ ಕೆಳಗೆ ನಾಲ್ಕು ಪೆಟ್ಟಿಗೆಯಾಗಿದ್ದವು.

ಹೊಸ ಮನೆಯ ಯಜಮಾನಿ ಮುಂಗಡ ಎಣಿಸಿಕೊಳ್ಳುತ್ತಾ ಕೇಳಿದರು: “ನೀವು ವೆಜ್ ತಾನೇ?” ನಾನು “ಹೂಂ” ಅಂದೆ. ಮಳವಳ್ಳಿ ಕಡೆಯ ಹಳ್ಳಿಯವಳು ನಾನು. ಹಬ್ಬದ ಮಾರನೆಯ ದಿನ ಮರಿ ಕಡಿಯದಿದ್ದರೆ ಹಬ್ಬವೇ ಆಗಲಿಲ್ಲ ಎನ್ನುವ ಮನೆ ನಮ್ಮದು. ಆ “ಹೂಂ” ಹೇಳಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಆ ರಾತ್ರಿ ಪುಸ್ತಕ ವಿಂಗಡಿಸಲು ಕುಳಿತಾಗ ಎಲ್ಲಕ್ಕಿಂತ ಮೊದಲು ಬದಿಗೆ ಸರಿಸಿದ್ದು ರಕ್ಷಾಪುಟದ ಮೇಲೆ ಕೋಳಿ ಚಿತ್ರವಿದ್ದ ಎರಡು ಪುಸ್ತಕಗಳನ್ನು. ಸರಿಸಿದ ಮೇಲೆ ನಾಚಿಕೆಯಾಯಿತು. ಈ ಬರಹ ಆ ನಾಚಿಕೆಯಿಂದ ಶುರುವಾದದ್ದು.

ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು? ಒಂದೇ ರೀತಿಯ ಪುಸ್ತಕಗಳನ್ನು ತೆಗೆಯೋಣ ಎಂದುಕೊಂಡು ಓದುತ್ತಾ ಹೋದೆ. ಅರ್ಧದಷ್ಟು ಅಲ್ಲೇ ಉದುರಿದವು. ಬೇರೆ ಬೇರೆ ಹೆಸರಿನ, ಬೇರೆ ಬೇರೆ ಊರಿನ ಪ್ರಕಾಶಕರು, ಒಳಗೆ ಅದೇ ಬಿಸಿಬೇಳೆಬಾತು, ಅದೇ ಹಾಲುಬಾಯಿ, ಅದೇ ಕ್ರಮ. ಮೇಲೆ ‘ಬೇಕಾಗುವ ಸಾಮಗ್ರಿಗಳು’, ಕೆಳಗೆ ‘ಮಾಡುವ ವಿಧಾನ’, ಕೊನೆಗೆ ‘ರುಚಿಗೆ ತಕ್ಕಷ್ಟು ಉಪ್ಪು’. ಇಷ್ಟೊಂದು ಒಟ್ಟಿಗೆ ಓದಿದಾಗ ಮಾತ್ರ ಗಮನಕ್ಕೆ ಬರುವ ಸಂಗತಿಯೊಂದಿದೆ. ಅಡುಗೆ ಪುಸ್ತಕ ತನ್ನ ಓದುಗಳು ಯಾರು ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಏನನ್ನು ವಿವರಿಸುತ್ತದೆ, ಏನನ್ನು ವಿವರಿಸದೆ ಬಿಡುತ್ತದೆ ಎಂಬುದರಲ್ಲಿ ಅದು ಗೊತ್ತಾಗುತ್ತದೆ.

ಪಾವು, ಚಟಾಕಿನಲ್ಲಿ ಅಳತೆ ಕೊಡುವ ಹಳೆಯ ಪುಸ್ತಕಗಳು ‘ಹದವಾಗಿ ಹುರಿದು’ ಎಂದು ಹೇಳಿ ಮುಂದೆ ಹೋಗುತ್ತವೆ. ಹದ ಯಾವುದು ಎಂದು ತೋರಿಸಲು ಮನೆಯಲ್ಲಿ ಅತ್ತೆಯೋ ತಾಯಿಯೋ ಇದ್ದಾರೆ ಎಂಬ ಭರವಸೆ ಅವಕ್ಕಿದೆ. ಗ್ರಾಮಿನ ಲೆಕ್ಕದ ಪುಸ್ತಕಗಳು ‘ಹೊಂಬಣ್ಣ ಬರುವವರೆಗೆ’ ಎನ್ನುತ್ತವೆ. ಅಲ್ಲಿ ಓದುಗಳು ಬೇರೆ ಊರಿನಲ್ಲಿ ಒಬ್ಬಳೇ ಸಂಸಾರ ಹೂಡಿದ್ದಾಳೆ. ಕುಕ್ಕರ್ ಕೈಪಿಡಿ ಬಂದ ಮೇಲೆ ಹದವನ್ನು ಕಣ್ಣಿನಿಂದ ತೆಗೆದು ಕಿವಿಗೆ ಕೊಡಲಾಯಿತು, ‘ಎರಡು ವಿಷಲ್ ಬರಲಿ’ ಎಂದು. ಅಕ್ಷರದಲ್ಲಿ ಇಳಿದ ಒಂದೊಂದು ಹೆಚ್ಚಿನ ವಿವರವೂ ಹತ್ತಿರದಲ್ಲಿ ಇಲ್ಲವಾದ ಒಬ್ಬ ಹೆಂಗಸಿನ ಜಾಗದಲ್ಲಿ ಕುಳಿತಿದೆ. ಇದು ಕನ್ನಡಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ತಮಿಳಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ‘ಸಮೈತ್ತುಪ್ಪಾರ್’ ತಂದದ್ದೇ ನೆಂಟರಿಷ್ಟರು ಅಡುಗೆಯ ವಿಧಾನ ಕೇಳುತ್ತಲೇ ಇದ್ದಾಗ, ಅದನ್ನೆಲ್ಲ ಪುಸ್ತಕ ಮಾಡಬಾರದೇಕೆ ಎಂದು ಮನೆಯ ಹಿರಿಯರೊಬ್ಬರು ಸೂಚಿಸಿದ ಮೇಲೆ. ಮದುವೆಯಾಗಿ ದೂರದೇಶಕ್ಕೆ ಹೋಗುವ ಹುಡುಗಿಯರ ಪೆಟ್ಟಿಗೆಯಲ್ಲಿ ಆ ಪುಸ್ತಕ ಇರುತ್ತಿತ್ತು.

ಎರಡನೆಯ ಜರಡಿ ಶೀರ್ಷಿಕೆಯದು. ನನ್ನ ಪೆಟ್ಟಿಗೆಗಳಲ್ಲಿ ಬರೀ ‘ಅಡುಗೆ’, ‘ಪಾಕಶಾಸ್ತ್ರ’, ‘ರುಚಿ’ ಎಂದು ಹೆಸರಿದ್ದ ಪುಸ್ತಕಗಳಲ್ಲಿ ಒಂದು ತುಂಡು ಮಾಂಸವೂ ಇರಲಿಲ್ಲ. ಮಾಂಸವಿದ್ದ ಪುಸ್ತಕಗಳ ಮೇಲೆ ‘ಮಾಂಸಾಹಾರಿ ಅಡುಗೆಗಳು’ ಎಂದು ಬೇರೆಯಾಗಿ ಅಚ್ಚಾಗಿತ್ತು. ಅಂದರೆ ಅಡುಗೆ ಎಂದರೆ ಸಸ್ಯಾಹಾರ. ಉಳಿದದ್ದಕ್ಕೆ ಚೀಟಿ ಅಂಟಿಸಬೇಕು. ಮನೆ ಯಜಮಾನಿಯ ಪ್ರಶ್ನೆಯಲ್ಲಿ ಇದ್ದ ‘ತಾನೇ’ ಎಂಬ ಸಣ್ಣ ಪದ ನೆನಪಾಯಿತು. ಪುಸ್ತಕಗಳೂ ಅದನ್ನೇ ಕೇಳುತ್ತಿದ್ದವು. ಅವು ಸ್ವಲ್ಪ ನಯವಾಗಿ ಕೇಳುತ್ತಿದ್ದವು, ಅಷ್ಟೇ.

ಇದು ಹಿಂದಿನಿಂದಲೂ ಹೀಗೇ ಇತ್ತೇ? ಅಡುಗೆಯನ್ನು ಶಾಸ್ತ್ರವೆಂದು ಬರೆಯುವ ಪರಂಪರೆ ನಮ್ಮಲ್ಲಿ ಹಳೆಯದು. 11ನೇ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮಳೆ, ವಾಸ್ತು, ವೈದ್ಯಗಳ ಜೊತೆಗೆ ಅಡುಗೆಗೂ ಒಂದು ಅಧ್ಯಾಯವಿದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಉದ್ದಿನ ತಿಂಡಿಗಳೂ ಇವೆ, ಆಮೆ, ಹಂದಿ, ಗದ್ದೆಯ ಇಲಿಯನ್ನು ಸುಡುವ ವಿಧಾನಗಳೂ ಇವೆ. ಅರಮನೆಯ ಎಲೆಯ ಮೇಲೆ ಇಲಿ ಬಡಿಸಿದರೂ ಯಾರೂ ಅದನ್ನು ಬೇರೆ ಪುಸ್ತಕಕ್ಕೆ ಕಳಿಸಿರಲಿಲ್ಲ. 16ನೇ ಶತಮಾನದ ಆರಂಭಕ್ಕೆ ಬಂದರೆ ಮೂರನೇ ಮಂಗರಸನ ‘ಸೂಪಶಾಸ್ತ್ರ’ ಸಿಗುತ್ತದೆ. ವಾರ್ಧಕ ಷಟ್ಪದಿಯಲ್ಲಿ ಹಿಟ್ಟಿನ ತಿನಿಸು, ಪಾನಕ, ಅನ್ನ, ಕಾಯಿಪಲ್ಯಗಳನ್ನು ಒಂದೊಂದಾಗಿ ಹೇಳುವ ಕೃತಿ. ಮಂಗರಸ ಜೈನ, ಆತನ ಅಡುಗೆಮನೆಯಲ್ಲಿ ಮಾಂಸವಿಲ್ಲ. ಅದು ಆತನ ಧರ್ಮ, ಅದರಲ್ಲಿ ಆಕ್ಷೇಪಿಸುವಂಥದ್ದೇನೂ ನನಗೆ ಕಾಣುವುದಿಲ್ಲ. ಒಬ್ಬ ತನ್ನ ಮನೆಯ ಒಲೆಯ ಬಗ್ಗೆ ಬರೆಯುವುದು ಬೇರೆ, ಆ ಒಲೆಯೊಂದೇ ಎಲ್ಲರ ಒಲೆ ಎಂದು ಮುಂದಿನವರು ಓದಿಕೊಳ್ಳುವುದು ಬೇರೆ.

ಅದೇ ಶತಮಾನದಲ್ಲಿ ಕನಕದಾಸರು ಇನ್ನೊಂದು ಷಟ್ಪದಿಯಲ್ಲಿ ‘ರಾಮಧಾನ್ಯಚರಿತೆ’ ಬರೆದರು. ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಎಂದು ಜಗಳ ಬರುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಕೊನೆಗೆ ಗಟ್ಟಿಯಾಗಿ ಉಳಿಯುವುದು ರಾಗಿ. ಮಂಗರಸನ ಕೃತಿ ಹೇಗೆ ಬೇಯಿಸಬೇಕು ಎಂದು ಹೇಳುತ್ತದೆ, ಕನಕದಾಸರ ಕೃತಿ ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಬೇಕು ಎಂದು ಕೇಳುತ್ತದೆ. ನಮ್ಮ ವಿಮರ್ಶೆ ಮೊದಲನೆಯದನ್ನು ಶಾಸ್ತ್ರದ ಕಪಾಟಿನಲ್ಲೂ ಎರಡನೆಯದನ್ನು ಕಾವ್ಯದ ಕಪಾಟಿನಲ್ಲೂ ಇಟ್ಟಿದೆ. ನನ್ನ ಒಂದೇ ಶೆಲ್ಫಿನಲ್ಲಿ ಎರಡೂ ಅಕ್ಕಪಕ್ಕ ನಿಂತವು. ಜಾಗ ಕಡಿಮೆಯಾದರೆ ಇಂಥ ಅನುಕೂಲವೂ ಇದೆ.

ನಾಲ್ಕನೆಯ ಪೆಟ್ಟಿಗೆಯ ತಳದಲ್ಲಿ ಅವ್ವನ ನೋಟ್‌ಬುಕ್ ಸಿಕ್ಕಿತು. ಇನ್ನೂರು ಪುಟದ ಲೆಕ್ಕದ ಪುಸ್ತಕ, ಕಂದು ಕಾಗದದ ಬೈಂಡು, ಮೇಲೆ ‘ಅಡಿಗೆ’ ಎಂದು ಕೆಂಪು ಶಾಯಿಯಲ್ಲಿ. ಅವ್ವ ಪ್ರಾಥಮಿಕ ಶಾಲೆಯ ಮೇಡಂ. ಎರಡು ವರ್ಷದ ಹಿಂದೆ ಅಧ್ಯಾಯಕ್ಕೆ ಆಗುತ್ತದೆ ಎಂದು ತಂದಿದ್ದೆ, ತೆರೆದಿರಲೇ ಇಲ್ಲ. ಈಗ ಓದಿದೆ. ಪುಳಿಯೋಗರೆ ಗೊಜ್ಜು, ಬಾದಾಮಿ ಹಾಲು, ಮರಳು ಹಾಕಿ ಕುಕ್ಕರಿನಲ್ಲಿ ಮಾಡುವ ಕೇಕು, ಗೋಬಿ ಮಂಚೂರಿ, ನಿಪ್ಪಟ್ಟು, ವೆಜಿಟೆಬಲ್ ಪಲಾವು. ಇವುಗಳಲ್ಲಿ ಮುಕ್ಕಾಲು ಪಾಲನ್ನು ನಾವು ಮನೆಯಲ್ಲಿ ವರ್ಷಕ್ಕೊಮ್ಮೆಯೂ ತಿಂದವರಲ್ಲ. ದಿನವೂ ತಿಂದದ್ದು ಹಿಟ್ಟು, ಬಸ್ಸಾರು, ಉಪ್ಸಾರು, ಹುರುಳಿಕಾಳು, ಭಾನುವಾರ ಸಿಕ್ಕರೆ ಬಾಡು. ಅವುಗಳಲ್ಲಿ ಒಂದೂ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಫೋನ್ ಮಾಡಿ ಕೇಳಿದೆ. “ದಿನಾ ಮಾಡದ ಏನಂತ ಬರ್ಯದು ಮಗ? ಕೈಗೇ ಗೊತ್ತಿರ್ತದೆ” ಅಂದಳು. ಸರಿಯಾದ ಉತ್ತರವೇ. ಗೊತ್ತಿಲ್ಲದ್ದನ್ನು ಬರೆದುಕೊಳ್ಳುತ್ತೇವೆ. ಹಾಗೆ ನೋಡಿದರೆ ಅಡುಗೆಯ ಬರವಣಿಗೆ ಊಟದ ದಾಖಲೆಯಲ್ಲ, ಆಸೆಯ ದಾಖಲೆ. ಇಲ್ಲಿಗೇ ನಿಲ್ಲಿಸಿದ್ದರೆ ಅಧ್ಯಾಯಕ್ಕೆ ಒಂದು ಚೆಂದದ ತೀರ್ಮಾನವಾಗುತ್ತಿತ್ತು. ಆದರೆ ನೋಟ್‌ಬುಕ್ಕಿನ ಅಂಚುಗಳು ಬೇರೆಯದನ್ನೂ ಹೇಳುತ್ತಿದ್ದವು. ಒಂದೊಂದು ಪಾಕದ ಪಕ್ಕದಲ್ಲೂ ಅದನ್ನು ಹೇಳಿಕೊಟ್ಟ ಮೇಡಂ ಹೆಸರಿತ್ತು. ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಪುಸ್ತಕ ಕೈಯಿಂದ ಕೈಗೆ ಓಡಾಡಿದೆ. “ಅವ್ವ, ನೀನು ಅವರಿಗೆ ಏನ್ ಹೇಳ್ಕೊಟ್ಟೆ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ದ ಯಾರ್ ಕೇಳ್ತಾರೆ” ಅಂದಳು. ಶಾಲೆಗೆ ಅವ್ವ ಡಬ್ಬಿಯಲ್ಲಿ ಚಿತ್ರಾನ್ನವನ್ನೋ ಉಪ್ಪಿಟ್ಟನ್ನೋ ತೆಗೆದುಕೊಂಡು ಹೋಗುತ್ತಿದ್ದದ್ದು ನನಗೆ ನೆನಪಿದೆ. ಅವಳಿಗೆ ಉಪ್ಪಿಟ್ಟು ಕಂಡರೆ ಆಗುವುದಿಲ್ಲ.

ಅರ್ಜುನ್ ಅಪ್ಪಾದುರೈ ಸಮಕಾಲೀನ ಭಾರತದ ಅಡುಗೆ ಪುಸ್ತಕಗಳ ಬಗ್ಗೆ 1988ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನನ್ನ ಕ್ಷೇತ್ರದಲ್ಲಿ ಎಲ್ಲರೂ ಓದಿರುತ್ತಾರೆ. ನಗರದ ಮಧ್ಯಮವರ್ಗದ ಹೆಂಗಸರು ಪ್ರಾಂತ, ಜಾತಿಗಳ ಗಡಿ ದಾಟಿ ಪಾಕಗಳನ್ನು ವಿನಿಮಯ ಮಾಡಿಕೊಂಡರು, ಆ ವಿನಿಮಯದಿಂದ ‘ರಾಷ್ಟ್ರೀಯ ಅಡುಗೆ’ ಎಂಬ ಕಲ್ಪನೆ ಮೂಡಿತು ಎಂಬುದು ಅದರ ವಾದದ ಒಂದು ಎಳೆ. ಆತ ಮುಖ್ಯವಾಗಿ ಓದಿದ್ದು ಇಂಗ್ಲಿಷ್ ಪುಸ್ತಕಗಳನ್ನು. ನನ್ನ ಅಧ್ಯಾಯವೂ ಈ ವಾದದ ಮೇಲೇ ನಿಂತಿತ್ತು. ಅವ್ವನ ನೋಟ್‌ಬುಕ್ ಅದನ್ನು ಅಲ್ಲಾಡಿಸಿತು. ವಿನಿಮಯ ಎಂದರೆ ಕೊಡುವುದೂ ತೆಗೆದುಕೊಳ್ಳುವುದೂ ಆಗಬೇಕು. ಈ ನೋಟ್‌ಬುಕ್ಕಿನಲ್ಲಿ ದಾರಿ ಒಮ್ಮುಖ. ಪುಳಿಯೋಗರೆ ನಮ್ಮ ಮನೆಗೆ ಬಂತು, ನಮ್ಮ ಮನೆಯ ಸಾರು ಯಾವ ಮನೆಗೂ ಹೋಗಲಿಲ್ಲ. ಪುಸ್ತಕಗಳು ಇದೇ ಸ್ಟಾಫ್ ರೂಮಿನ ದೊಡ್ಡ ರೂಪ. ಯಾವುದನ್ನು ಇನ್ನೊಬ್ಬರ ಕೈಗೆ ಮುಜುಗರವಿಲ್ಲದೆ ಕೊಡಬಹುದೋ ಅದು ಅಕ್ಷರಕ್ಕೆ ಬಂತು. ಉಳಿದದ್ದು ಕೈಯಲ್ಲೇ ಉಳಿಯಿತು, ಕೈಯ ಜೊತೆಗೇ ಹೋಗುತ್ತಿದೆ.

ಈಚೆಗೆ ‘ಹಳ್ಳಿ ಸೊಗಡು’, ‘ಮರೆತ ಅಡುಗೆಗಳು’ ಎಂಬಂಥ ಪುಸ್ತಕಗಳು ಬರುತ್ತಿವೆಯಲ್ಲ ಎಂದು ನೀವು ಕೇಳಬಹುದು. ಅವೂ ನನ್ನ ಹತ್ತಿರ ಇದ್ದವು, ಬಸ್ಸಾರೂ ಅವುಗಳಲ್ಲಿ ಇತ್ತು. ಆದರೆ ಅದನ್ನು ಬರೆದ ರೀತಿ ನೋಡಿ. ಸಾರು ಒಂದು ಪುಟದಲ್ಲಿ, ಪಲ್ಯ ಇನ್ನೊಂದು ಅಧ್ಯಾಯದಲ್ಲಿ. ಬಸ್ಸಾರಿನ ಹೆಸರಿನಲ್ಲೇ ಅದರ ಕ್ರಮವಿದೆ, ಬೇಯಿಸಿದ್ದನ್ನು ಬಸಿಯುವುದು. ಕಾಳು ಸೊಪ್ಪು ಒಟ್ಟಿಗೆ ಬೇಯಿಸಿ, ಕಟ್ಟು ಬಸಿದು, ಬೆಂದ ಕಾಳು ಸೊಪ್ಪಿನಲ್ಲಿ ಒಂದು ಹಿಡಿ ತೆಗೆದು ಖಾರದ ಜೊತೆ ರುಬ್ಬಿ ಕಟ್ಟಿಗೆ ಹಾಕಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಒಂದು ಉರಿ, ಎರಡು ಅಡುಗೆ. ಸೌದೆ ಉಳಿಸಬೇಕಾದ, ಹೊಲಕ್ಕೆ ಹೋಗಬೇಕಾದ ಹೆಂಗಸಿನ ಲೆಕ್ಕಾಚಾರ ಅದು. ಮಾರನೆಯ ಬೆಳಿಗ್ಗೆ ತಂಗಳು ಹಿಟ್ಟಿನ ಜೊತೆ ಅದೇ ಸಾರಿಗೆ ಇನ್ನೊಂದು ರುಚಿ. ‘ಒಂದು ಪಾಕ, ಒಂದು ಪುಟ, ನಾಲ್ಕು ಜನಕ್ಕೆ’ ಎಂಬ ಪುಸ್ತಕದ ಚೌಕಟ್ಟಿಗೆ ಈ ಲೆಕ್ಕಾಚಾರ ಹಿಡಿಸುವುದಿಲ್ಲ. ಸಾಮಗ್ರಿ ಬಂತು, ಬುದ್ಧಿ ಬರಲಿಲ್ಲ. ಹಿಟ್ಟಿಗೂ ಇದೇ ಗತಿ. ಎಸರು, ನುಚ್ಚು, ಹಿಟ್ಟಿನ ಪ್ರಮಾಣ ಕೊಡುತ್ತಾರೆ. ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಗಂಟಾಗದಂತೆ ತೊಳಸುವ ತೋಳಿನ ಶಕ್ತಿಯನ್ನು ‘ಚೆನ್ನಾಗಿ ಕಲಸಿ’ ಎಂಬ ಎರಡು ಪದದಲ್ಲಿ ಮುಗಿಸುತ್ತಾರೆ.

ಬೇರೆ ರೀತಿ ಬರೆಯಲು ಸಾಧ್ಯವೇ? ಸಾಧ್ಯ ಎಂದು ತೋರಿಸಿದ್ದು ಮರಾಠಿಯ ಶಾಹು ಪಾಟೋಳೆ. 2015ರಲ್ಲಿ ಬಂದ ಅವರ ‘ಅನ್ನ ಹೇ ಅಪೂರ್ಣಬ್ರಹ್ಮ’ ಮರಾಠವಾಡದ ಮಹಾರ್ ಮತ್ತು ಮಾಂಗ್ ಸಮುದಾಯಗಳ ಊಟದ ಪುಸ್ತಕ. ನಾನು ಓದಿದ್ದು 2024ರ ಇಂಗ್ಲಿಷ್ ಅನುವಾದವನ್ನು. ಅನ್ನ ಪೂರ್ಣಬ್ರಹ್ಮ ಎನ್ನುವ ಮಾತಿಗೆ ಒಂದು ‘ಅ’ ಸೇರಿಸಿಯೇ ಜಗಳ ಶುರುಮಾಡುತ್ತಾರೆ. ರಕ್ತದ ಅಡುಗೆ, ಒಣಗಿಸಿದ ಮಾಂಸದ ಅಡುಗೆಗಳ ಪಕ್ಕದಲ್ಲೇ ಆ ಮಾಂಸ ಯಾಕೆ ಆ ಓಣಿಗೆ ಬಂತು, ಊರು ಅದನ್ನು ಹೇಗೆ ನೋಡಿತು ಎಂಬುದೂ ಇದೆ. ಪಾಕವನ್ನು ಅದರ ನೆನಪಿನಿಂದ ಬಿಡಿಸಿ ಕೊಡಲು ಅವರು ಒಪ್ಪುವುದಿಲ್ಲ. ಕನ್ನಡದಲ್ಲಿ ಈ ಕೆಲಸವನ್ನು ಅಡುಗೆ ಪುಸ್ತಕಕ್ಕಿಂತ ಹೆಚ್ಚಾಗಿ ಕಥೆ, ಆತ್ಮಕತೆಗಳು ಮಾಡಿವೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಮಂದಿಯೆಲ್ಲ ಕೂತು ಕದ್ದ ಕಡಲೆಕಾಯಿಯನ್ನು ರಾತ್ರಿಯಿಡೀ ತಿಂದು ಮುಗಿಸುವ ಭಾಗವನ್ನು ಓದಿದವರು ಮರೆಯಲಾರರು. ಅಲ್ಲಿ ಅಳತೆಯಿಲ್ಲ, ವಿಧಾನವಿಲ್ಲ. ಆದರೂ ನನ್ನ 143 ಪುಸ್ತಕಗಳಲ್ಲಿ ಯಾವುದೂ ಹಸಿವಿಗೂ ರುಚಿಗೂ ಇರುವ ಸಂಬಂಧವನ್ನು ಅಷ್ಟು ಚೆನ್ನಾಗಿ ಹೇಳಿಲ್ಲ.

ಇದನ್ನು ಬರೆಯುವಾಗ ನನ್ನ ಮನೆಯ ಬಾಗಿಲನ್ನೂ ನೆನೆಯಬೇಕು. ಸ್ಟಾಫ್ ರೂಮಿನಲ್ಲಿ ಅವ್ವನ ಸಾರನ್ನು ಯಾರೂ ಕೇಳಲಿಲ್ಲ ಎಂದು ನನಗೆ ನೋವಾಗುತ್ತದೆ. ಆದರೆ ನಮ್ಮ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದ ಕೇರಿಯ ಹೆಂಗಸರಿಗೆ ಅಜ್ಜಿ ಹಿತ್ತಲಲ್ಲಿ, ಬೇರೆ ತಟ್ಟೆಯಲ್ಲಿ ಊಟ ಕೊಡುತ್ತಿದ್ದಳು. ಅವರ ಮನೆಯ ಸಾರಿನ ಬಗ್ಗೆ ನಮ್ಮ ಮನೆಯಲ್ಲೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಮ್ಮುಖದ ದಾರಿಯಲ್ಲಿ ನಾವು ಕೊನೆಯ ಮನೆಯವರೇನೂ ಅಲ್ಲ. ‘ಬರೆಯದ ಅಡುಗೆ’ ಎಂದು ನಾನು ಒಂದೇ ಪದದಲ್ಲಿ ಹೇಳುವುದರೊಳಗೆ ಬೇರೆ ಬೇರೆ ಮೌನಗಳಿವೆ. ನಮ್ಮದು ಮುಜುಗರದ ಮೌನ, ಅವರದು ಊರೇ ಹೇರಿದ್ದು. ಅಧ್ಯಾಯವನ್ನು ಈಗ ಮತ್ತೆ ಬರೆಯಬೇಕು.

ಕೊನೆಗೆ ಉಳಿಸಿಕೊಂಡದ್ದು 19. ಪ್ರಸಿದ್ಧವಾದವನ್ನು ಬಹುಪಾಲು ಬಿಟ್ಟೆ. ಅವು ಗ್ರಂಥಾಲಯದಲ್ಲಿ ಸಿಗುತ್ತವೆ. ಪಾವು ಚಟಾಕಿನ ಎರಡು, ಕುಕ್ಕರ್ ಕೈಪಿಡಿ ಒಂದು, ಮಹಿಳಾ ಸಮಾಜದ ಸಂಚಿಕೆಗಳು ಮೂರು, ಯಾರೋ ಅಂಚಿನಲ್ಲಿ ‘ಇದು ಚೆನ್ನಾಗಿ ಬರಲಿಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದ ತಿಂಡಿ ಪುಸ್ತಕ, ಮಂಗರಸ, ಕನಕದಾಸರು, ಪಾಟೋಳೆ, ಇನ್ನು ಕೆಲವು. ಕೋಳಿ ಚಿತ್ರದ ಎರಡನ್ನೂ ಉಳಿಸಿಕೊಂಡೆ. ಅಧ್ಯಾಯಕ್ಕೆ ಬೇಕಾದ ಪುಟಗಳ ಚಿತ್ರ ತೆಗೆದುಕೊಂಡು, ಮೂವತ್ತರಷ್ಟನ್ನು ವಿಭಾಗದ ಕಿರಿಯರಿಗೆ ಕೊಟ್ಟೆ. ಮಿಕ್ಕವನ್ನು ಹಳೇ ಪುಸ್ತಕದವರು ತಕ್ಕಡಿಯಲ್ಲಿಟ್ಟು ತೂಗಿ ಒಯ್ದರು. ಗ್ರಾಮಿನ ಲೆಕ್ಕ ಹೇಳುತ್ತಿದ್ದ ಪುಸ್ತಕಗಳು ಕಿಲೋ ಲೆಕ್ಕದಲ್ಲಿ ಹೋದವು.

ಅವ್ವನ ನೋಟ್‌ಬುಕ್ಕಿನಲ್ಲಿ ಕೊನೆಯ ನಲವತ್ತು ಪುಟ ಖಾಲಿ ಇದ್ದವು. ಹೊಸ ಕೋಣೆಗೆ ಬಂದ ಮೊದಲ ಭಾನುವಾರ ಫೋನ್ ಮಾಡಿ, “ಹೇಳು, ನಾನ್ ಬರ್ಕೋತೀನಿ” ಅಂದೆ. ಬಸ್ಸಾರು ಹೇಳಿದಳು. ಕಾಳು ಎಷ್ಟು ಅಂದರೆ “ಜನ ನೋಡ್ಕೊ”, ನೀರು ಎಷ್ಟು ಅಂದರೆ “ಪಾತ್ರೆ ನೋಡ್ಕೊ”. ಹಾಗೆಯೇ ಬರೆದುಕೊಂಡೆ. ಆಮೇಲೆ ತಲೆಕಾಲು ಸಾರು ಕೇಳಿದೆ.

“ಅದ್ನೂ ಬರೀತೀಯಾ?”

“ಬರೀತೀನಿ ಅವ್ವ.”

“ಯಾರಾರ ನೋಡುದ್ರೆ?”

ಕೆಳಗಿನ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. “ನೋಡ್ಲಿ” ಅಂದೆ. ಹಾಗಂದರೂ ದನಿ ತಗ್ಗಿತ್ತು. ಯಜಮಾನಿಗೆ ನಿಜ ಇನ್ನೂ ಹೇಳಿಲ್ಲ. ಈ ಬರಹ ಅವರ ಕಣ್ಣಿಗೆ ಬಿದ್ದರೆ ಹೇಳುವ ಕೆಲಸ ತಾನಾಗಿ ಆಗುತ್ತದೆ.

ಅವ್ವ ಗಂಟಲು ಸರಿಮಾಡಿಕೊಂಡಳು. ತರಗತಿಯಲ್ಲಿ ಉಕ್ತಲೇಖನ ಕೊಡುವಂತೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳತೊಡಗಿದಳು: “ಮೊದ್ಲು ಕೆಂಡ್ದಲ್ಲಿ ಚೆನ್ನಾಗಿ ಸುಡ್ಬೇಕು. ಕೂದ್ಲು ಪೂರ್ತಿ ಹೋಗ್ಬೇಕು. ಬರ್ಕೊಂಡ್ಯಾ? ಆಮೇಲೆ ಕತ್ತೀಲಿ ಕೆರ್ದು, ಅರಿಶಿಣ ಹಚ್ಚಿ...”